ಹಾಪರಿನ ಅಂಚಿಗೆ ಒಡೆದ ಕಾಯಿ

ಸಾವಿರದ ಒಂಬೈನೂರ ಎಪ್ಪತ್ತೇಳರಲ್ಲಿ ನಾನು ಶಾಲೆ ಬಿಟ್ಟೆ. ಆಗ ಏಳನೇ ಕ್ಲಾಸು. ಬಿಡಿಸಿದವರು ಯಾರೂ ಇಲ್ಲ. ನಮ್ಮೂರ ಹೊಳೆಗೆ ಸೇತುವೆ ಕಟ್ಟುತ್ತಿದ್ದರು, ಅದು ಕ್ಲಾಸಿನ ಕಿಟಕಿಯಿಂದ ಕಾಣುತ್ತಿತ್ತು. ಮೇಷ್ಟ್ರು ಭಾಗಾಕಾರ ಹೇಳಿಕೊಡುವಾಗ ನಾನು ಅಲ್ಲಿ ಬಾವಿ ಇಳಿಸುವುದನ್ನು ನೋಡುತ್ತಿದ್ದೆ. ಹೊಳೆಯ ನಡುವೆ ಕಾಂಕ್ರೀಟಿನ ದೊಡ್ಡ ಬಳೆಯನ್ನು ಕೂರಿಸಿ, ಒಳಗಿನ ಮರಳು ತೆಗೆಯುತ್ತ ತೆಗೆಯುತ್ತ ಗಟ್ಟಿ ನೆಲ ಸಿಗುವ ತನಕ ಅದನ್ನು ಇಳಿಸುವುದು. ಆ ಕಾಲಕ್ಕೆ ಸೇತುವೆಯ ಅಡಿಪಾಯ ಎಂದರೆ ಅದೇ. ಒಂದು ದಿನ ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಅಲ್ಲಿಗೆ ಹೋದವನು ಕ್ಲಾಸಿಗೆ ತಿರುಗಿ ಬರಲಿಲ್ಲ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ನನ್ನ ಜೊತೆ ಕೂತು ಭಾಗಾಕಾರ ಕಲಿತವರೆಲ್ಲ ಮುಂದೆ ಆ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋದರು. ಅದರ ಅಡಿಯಲ್ಲಿ ಏನಿದೆ ಎಂದು ಅವರಲ್ಲಿ ಯಾರಿಗೂ ಗೊತ್ತಿಲ್ಲ.

ಈಗ ನಾನು ಮಸ್ಕತ್ತಿನ ದಾರ್ಸೈಟಿನಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೇನೆ. ಕೃಷ್ಣ ದೇವಸ್ಥಾನಕ್ಕೆ ಹೋದರೆ ಊರಿನ ಹೊಸ ಹುಡುಗರು ಸಿಗುತ್ತಾರೆ. ರೈಲು ಹಾದಿಯ ಕೆಲಸಕ್ಕೆಂದು ಬಂದವರು, ಡಿಪ್ಲೊಮಾ ಓದಿದವರು. ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಆಮೇಲೆ ಒಬ್ಬನಾದರೂ ಕೇಳಿಯೇ ಕೇಳುತ್ತಾನೆ, "ಸಂಜೀವಣ್ಣ, ನೀವು ಆ ನಾರಿಯಲ್ ಬ್ರಿಡ್ಜಿನಲ್ಲಿ ಇದ್ದವರಂತೆ, ಹೌದಾ?" ಕೇಳಿ ಮುಖ ಆ ಕಡೆ ಮಾಡಿ ನಗುತ್ತಾನೆ.

ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆ ಸೇತುವೆ ಅರ್ಧಕ್ಕೆ ನಿಂತದ್ದು ತನ್ನಿಂದ ಎಂದು ನಂಬಿಕೊಂಡ ಒಬ್ಬ ಮನುಷ್ಯ ಇದೇ ಒಮಾನಿನಲ್ಲಿ ಬದುಕಿದ್ದಾರೆ. ಹೆಸರು ಫ್ರಾನ್ಸಿಸ್. ಅವರಿಂದ ಅಲ್ಲ ಎಂದು ಅವರಿಗೆ ಒಪ್ಪಿಸಬೇಕು ಎನ್ನುವುದೊಂದೇ ನನಗೆ ಉಳಿದಿರುವ ಕೆಲಸ.

ನಾನು ಇಲ್ಲಿಗೆ ಹೆಲ್ಪರ್ ಆಗಿ ಬಂದೆ, ಫೋರ್ಮನ್ ಆಗಿ ನಿವೃತ್ತನಾದೆ. ನಡುವಿನ ಏಣಿಯ ಕಥೆ ಯಾರಿಗೂ ಬೇಡ. ಕೆಲಸದ್ದು ಹೇಳುತ್ತೇನೆ.

ಮುಖ್ಯ ನೆಲಕ್ಕೂ ಒಂದು ದ್ವೀಪಕ್ಕೂ ನಡುವೆ ಜಲಸಂಧಿ. ದ್ವೀಪದವರಿಗೆ ಫೆರಿ ಒಂದೇ ದಾರಿ, ಗಾಳಿ ಎದ್ದರೆ ಅದೂ ಇಲ್ಲ. ಅಲ್ಲಿ ಎರಡು ಅಂತಸ್ತಿನ ಸೇತುವೆ ಕಟ್ಟುವುದೆಂದಾಯಿತು. ಮೇಲೆ ವಾಹನ, ಕೆಳಗೆ ರೈಲು. ಊರಿನ ಹೆಸರು, ಕಂಪನಿಯ ಹೆಸರು ಬರೆಯುವುದಿಲ್ಲ. ಹುಡುಕುವವರು ಫೋನಿನ ನಕಾಶೆಯಲ್ಲಿ ಹುಡುಕಲಿ. ನೀಲಿ ನೀರಿನಲ್ಲಿ ಚುಕ್ಕೆಗಳ ಸಾಲು ಕಾಣುತ್ತದೆ. ಮೊಮ್ಮಗನಿಗೆ ತೋರಿಸಿದ್ದೆ. "ಅಜ್ಜಾ, ವೇರ್ ಈಸ್ ದಿ ಬ್ರಿಡ್ಜ್?" ಎಂದು ಕೇಳಿದ.

ನನ್ನ ಕೆಲಸ ಟ್ರೆಮಿ ಪೈಪಿನದ್ದು. ಈಗ ಬಾವಿ ಇಳಿಸುವುದಿಲ್ಲ, ಕಡಲ ನೆಲವನ್ನು ಯಂತ್ರದಿಂದ ಆಳಕ್ಕೆ ಕೊರೆದು, ಕಬ್ಬಿಣದ ಪಂಜರ ಇಳಿಸಿ, ಕಾಂಕ್ರೀಟು ತುಂಬುತ್ತಾರೆ. ಅದೇ ಪೈಲ್. ಆದರೆ ಗುಂಡಿಯ ತುಂಬ ನೀರು ಇರುತ್ತದೆ. ಮೇಲಿನಿಂದ ಸುರಿದರೆ ಸಿಮೆಂಟು ತೊಳೆದುಹೋಗಿ ಬರೀ ಜಲ್ಲಿ ಉಳಿಯುತ್ತದೆ. ಅದಕ್ಕೆ ತಳದ ತನಕ ಉದ್ದದ ಪೈಪು ಇಳಿಸಿ, ಮೇಲ್ತುದಿಗೆ ಹಾಪರ್ ಎನ್ನುವ ದೊಡ್ಡ ಆಲಿಕೆ ಸಿಕ್ಕಿಸಿ, ಅದರೊಳಗೆ ಸುರಿಯುವುದು. ಕಾಂಕ್ರೀಟು ಅಡಿಯಿಂದ ಏರುತ್ತ ನೀರನ್ನು ಮೇಲಕ್ಕೆ ತಳ್ಳುತ್ತದೆ. ಅದು ಏರಿದ ಹಾಗೆ ಪೈಪನ್ನು ಸ್ವಲ್ಪ ಸ್ವಲ್ಪ ಎತ್ತಬೇಕು. ಪೈಪಿನ ಬಾಯಿ ಮಾತ್ರ ಕಾಂಕ್ರೀಟಿನ ಒಳಗೇ ಹುಗಿದಿರಬೇಕು. ಹೊರಗೆ ಬಂತೋ, ನೀರು ನುಗ್ಗಿ ಪೈಲು ಕೆಟ್ಟಿತು. ಶುರು ಮಾಡಿದ ಮೇಲೆ ನಿಲ್ಲಿಸುವ ಹಾಗೂ ಇಲ್ಲ. ಹುಡುಗರೇ, ಇದರಲ್ಲಿ ಹೊಗಳಿಕೆ ಸಿಗುತ್ತದೆಂದು ಬರಬೇಡಿ. ಚೆನ್ನಾಗಿ ಮಾಡಿದ್ದು ನೀರಿನ ಅಡಿಗೆ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ.

ಕಾಂಕ್ರೀಟು ಎಷ್ಟು ಏರಿತು ಎಂದು ತಿಳಿಯಲು ಹಗ್ಗಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಿದ್ದೆವು. ಆ ಹಗ್ಗ ಫ್ರಾನ್ಸಿಸರ ಕೈಯಲ್ಲಿ. ಗುಂಡು ಮೆತ್ತಗೆ ಕೂತರೆ ಅದು ಮೇಲಿನ ಕೆಸರು, ಗಟ್ಟಿಯಾಗಿ ಕೂತರೆ ಕಾಂಕ್ರೀಟು. ಅವರು ಆಳ ಕೂಗಬೇಕು, ನಾನು ಪೈಪು ಎತ್ತಿಸಬೇಕು. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ನನಗಿಂತ ನಾಲ್ಕು ವರ್ಷ ಸಣ್ಣವರು. ನಾನು ಊರಿನ ವಾಡಿಕೆಯಂತೆ ಅವರನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದೆ. ಅವರಿಗೆ ನಾನು ಸಂಜೀವಣ್ಣ. ಒಂದೇ ಕ್ಯಾಂಪು, ಒಂದೇ ಕೋಣೆ, ಒಂದೇ ಅಡುಗೆ. ಮೀನು ಸಾರಿಗೆ ಕಾಯಿ ತುರಿಯುವುದು ಅವರ ಪಾಲು.

ಮೊದಲ ತಿಂಗಳೇ ನಾವು ಮರ್ಯಾದೆ ಕಳೆದುಕೊಂಡೆವು. ನಾವಿಬ್ಬರೂ ಅಳಿವೆಯ ಹತ್ತಿರ ಹುಟ್ಟಿದವರು. ಹೊಳೆ ಕಡಲಿಗೆ ಸೇರುವಲ್ಲಿ ಭರತ ತುಂಬಿದ ಮೇಲೆ ನೀರು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತದೆ. ದೋಣಿ ತಿರುಗಿಸುವುದು ಆಗಲೇ. ಇಲ್ಲಿಯೂ ಹಾಗೆಯೇ ಎಂದು, ನೀರು ಪೂರ್ತಿ ಏರಿದ್ದು ನೋಡಿ, ಯಂತ್ರ ಇಟ್ಟಿದ್ದ ಬಾರ್ಜು ಎನ್ನುವ ಚಪ್ಪಟೆ ದೋಣಿಯನ್ನು ಜರುಗಿಸಲು ಹೇಳಿದೆ. ಲಂಗರಿನ ಹಗ್ಗ ಬಿಚ್ಚಿದ್ದೇ ತಡ, ಬಾರ್ಜು ನಮ್ಮನ್ನೆಲ್ಲ ಹೊತ್ತುಕೊಂಡು ಹೋಗಿ ಮರಳ ದಿಬ್ಬದ ಮೇಲೆ ಕೂತಿತು. ಜಲಸಂಧಿಗೆ ಎರಡು ಬಾಯಿ. ನೀರು ತುಂಬಿದಾಗಲೇ ಅಲ್ಲಿ ಸೆಳೆತ ಜೋರು. ಬಾರ್ಜು ಎಳೆಯುವ ದೋಣಿಯ ಸಾಲಿಂ ದ್ವೀಪದವನು, ಹಿಂದಿ ಚೆನ್ನಾಗಿ ಮಾತಾಡುವ ಒಮಾನಿ. ಅವನು ಬಂದು ಖರ್ಜೂರದ ಡಬ್ಬ ನಮ್ಮ ಕಡೆ ಎಸೆದು ಹೇಳಿದ, "ತಿನ್ನಿ. ಸಂಜೆ ತನಕ ಇಲ್ಲೇ ನಿಮ್ಮ ಆಫೀಸು. ಸಂಜೂ, ನಿನ್ನ ಸಮುದ್ರ ಇಂಡಿಯಾದಲ್ಲಿದೆ, ಇದು ನನ್ನದು."

ನಮ್ಮ ಇಂಜಿನಿಯರ್ ಈಜಿಪ್ಟಿನವರು. ಹೆಸರು ಹಾನಿ. ಆ ಹೆಸರಿಗೂ ನಮ್ಮ ಭಾಷೆಗೂ ಸಂಬಂಧ ಇಲ್ಲ ಎಂದು ಮೊದಲ ದಿನವೇ ನಮಗೆ ನಾವೇ ಹೇಳಿಕೊಂಡೆವು. ಬೈದರೆ ಕಡಲಾಚೆಗೆ ಕೇಳಬೇಕು, ಹಾಗೆ ಬೈಯುವವರು. ಆದರೆ ಬೇಸಗೆಯಲ್ಲಿ ನಮಗೆ ನೆರಳು ಇಲ್ಲದಿದ್ದರೆ ತಾವೂ ಬಿಸಿಲಿನಲ್ಲೇ ನಿಲ್ಲುತ್ತಿದ್ದರು. ಅಂಥ ಮೇಲಧಿಕಾರಿ ನನಗೆ ಮತ್ತೆ ಸಿಗಲಿಲ್ಲ. ಅವರ ಹತ್ತಿರ ಒಂದು ಪರವಾನಗಿ ಮಾತ್ರ ಬಾಯಿಯಲ್ಲೇ ತೆಗೆದುಕೊಂಡಿದ್ದೆ: ಪ್ರತಿ ಕಂಬದ ಮೊದಲ ಪೈಲು ತುಂಬುವ ಮೊದಲು ಒಂದು ತೆಂಗಿನಕಾಯಿ ಒಡೆಯುವುದು. "ನಿನ್ನ ದೇವರಿಗೆ ಎರಡು ನಿಮಿಷ, ಆಮೇಲೆ ಯಲ್ಲಾ, ಕೆಲಸ ಶುರು," ಎಂದಿದ್ದರು. ನಾನು ಬಾರ್ಜಿನ ಅಂಚಿನಲ್ಲಿ ಹಗ್ಗ ಸುತ್ತುವ ಕಬ್ಬಿಣದ ಗೂಟಕ್ಕೆ ಒಡೆಯುತ್ತಿದ್ದೆ. ನೀರು ಕಡಲಿಗೆ, ಹೋಳು ನಮಗೆ.

ಸೆಳೆತ ಅತಿ ಜೋರಿದ್ದ ಜಾಗದ ಕಂಬಕ್ಕೆ ಗುಂಡಿ ಕೊರೆದು ಮುಗಿದ ದಿನ ಊರಿನಿಂದ ಫೋನು ಬಂತು. ಅಮ್ಮ ಹೋದರು. ಹಾನಿ ಸಾಹೇಬರು ಟಿಕೆಟ್ ತೆಗೆಸುತ್ತೇನೆ, ಹೋಗು ಎಂದರು. ಕೊರೆದ ಗುಂಡಿಯನ್ನು ತುಂಬದೆ ಇಟ್ಟರೆ ಗೋಡೆ ಕುಸಿಯುತ್ತದೆ. ಆ ಸೆಳೆತದಲ್ಲಿ ಪೈಪು ಹಿಡಿಯಲು ಬೇರೆ ಯಾರಿಗೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೋಗಲಿಲ್ಲ. ತಮ್ಮ ಬೆಂಕಿ ಕೊಟ್ಟ.

ಪೈಲು ತುಂಬುವ ದಿನ ನನಗಿನ್ನೂ ಸೂತಕ. ಕಾಯಿ ಒಡೆಯುವ ಹಾಗಿಲ್ಲ. ನಮ್ಮ ಗ್ಯಾಂಗಿನಲ್ಲಿ ಉಳಿದವರು ಬಾಂಗ್ಲಾದೇಶ, ಪಾಕಿಸ್ತಾನದ ಮುಸ್ಲಿಮರು. ಒಡೆಯದೆ ಶುರು ಮಾಡಲು ಮನಸ್ಸು ಒಪ್ಪಲಿಲ್ಲ.

"ಪೊರ್ಬುಗಳೇ, ಇವತ್ತು ನೀವು ಒಡೀಬೇಕು."

"ನಾನಾ? ನಮ್ಮ ಪಾದ್ರಿಗಳಿಗೆ ಗೊತ್ತಾದ್ರೆ ಎಂತ ಮಾಡುದು ಮಾರಾಯ್ರೆ?"

"ಪಾದ್ರಿಗಳಿಗೆ ಕಡಲಲ್ಲಿ ಎಂತ ಕೆಲಸ? ನನಗೆ ಸೂತಕ ಅಲ್ವಾ. ದಿನಾ ಅಡುಗೆಗೆ ಒಡೆಯುದು ನೀವೇ ತಾನೇ."

"ಅದು ಸಾರಿಗೆ. ಇದು ದೇವರಿಗೆ. ಒಡೆಯುವಾಗ ಎಂತ ಹೇಳ್ಬೇಕು?"

"ಎಂತ ಬೇಡ. ಮನಸ್ಸಿನಲ್ಲಿ ನಿಮ್ಮ ಮೇರಿಯಮ್ಮನಿಗೆ ಹೇಳಿ."

ಸೂತಕದವನು ಹತ್ತಿರ ನಿಲ್ಲಬಾರದೆಂದು ನಾನು ಕ್ರೇನಿನ ಆಚೆ ಹೋದೆ. ಫ್ರಾನ್ಸಿಸ್ ಹೆಲ್ಮೆಟ್ ತೆಗೆದರು, ಶಿಲುಬೆಯ ಗುರುತು ಮಾಡಿಕೊಂಡರು. ಗೂಟದ ಹತ್ತಿರ ಹೋಗಲಿಲ್ಲ. ಇಗರ್ಜಿಯಲ್ಲಿ ಪೂಜೆಯೆಲ್ಲ ನಡೆಯುವುದು ಬಲಿಪೀಠದಲ್ಲಿ. ಇಲ್ಲಿ ಬಲಿಪೀಠ ಎಂದರೆ ಕಾಂಕ್ರೀಟು ಇಳಿಯುವ ಜಾಗವೇ ಇರಬೇಕು ಎಂದುಕೊಂಡರಂತೆ. ಮೆಟ್ಟಿಲು ಹತ್ತಿ ಹಾಪರಿನ ಅಂಚಿಗೆ ಹೊಡೆದರು. ಭಕ್ತಿಯಿಂದಲೋ ಹೆದರಿಕೆಯಿಂದಲೋ, ಬಹಳ ಜೋರಾಗಿಯೇ ಹೊಡೆದರು. ಒಂದು ಹೋಳು ಬಾರ್ಜಿನ ಮೇಲೆ ಉರುಳಿತು, ಸಾಲಿಂ ಎತ್ತಿಕೊಂಡು ಅಲ್ಲೇ ಕಚ್ಚಿ ತಿಂದ. ಇನ್ನೊಂದು ಹೋಳು ಕಾಣಲಿಲ್ಲ. ಕಡಲಿಗೆ ಬಿತ್ತು ಎಂದು ಯಾರೋ ಹೇಳಿದರು. ಹೌದು ಎಂದೇ ನಾವೂ ತಿಳಿದೆವು. ಹಾಪರಿನ ಮೇಲಿನ ಜಾಲರಿ ತುಕ್ಕು ಹಿಡಿದು ಮುರಿದಿತ್ತು, ಹೊಸದು ಬಂದಿರಲಿಲ್ಲ.

ಕಾಂಕ್ರೀಟು ದಡದಿಂದ ದೋಣಿಯಲ್ಲಿ ಬರಬೇಕು. ಮೊದಲ ಎರಡು ದೋಣಿ ಚೆನ್ನಾಗಿ ಇಳಿಯಿತು. ಫ್ರಾನ್ಸಿಸ್ ಆಳ ಕೂಗಿದರು, ನಾನು ಎತ್ತಿಸಿದೆ. ಮೂರನೆಯದು ಸೆಳೆತಕ್ಕೆ ಸಿಕ್ಕಿ ಬಹಳ ತಡವಾಯಿತು. ಅಷ್ಟು ಹೊತ್ತೂ ಪೈಪಿನೊಳಗಿನ ಕಾಂಕ್ರೀಟು ಅಲ್ಲಾಡದೆ ನಿಂತಿತ್ತು. ದೋಣಿ ಬಂದು ಸುರಿದರೆ ಹಾಪರ್ ತುಂಬಿತು, ಇಳಿಯಲಿಲ್ಲ. ಪೈಪನ್ನು ಮೇಲೆ ಕೆಳಗೆ ಆಡಿಸಿದೆ. ಸುತ್ತಿಗೆಯಿಂದ ಬಡಿಸಿದೆ. ಗಂಟಲಲ್ಲಿ ತುತ್ತು ಸಿಕ್ಕಿದವನ ಹಾಗೆ ಅದು ಸುಮ್ಮನೆ ಕೂತಿತು. ಕೊನೆಗೆ ಕ್ರೇನಿನಿಂದ ಎಳೆದಾಗ ಪೈಪಿನ ಜೋಡಣೆ ಕಿತ್ತು, ಮೇಲಿನ ತುಂಡು ಮಾತ್ರ ಬಂತು. ಕೆಳಗಿನ ಭಾಗ ಗಟ್ಟಿಯಾಗುತ್ತಿದ್ದ ಕಾಂಕ್ರೀಟಿನಲ್ಲೇ ಉಳಿಯಿತು. ಇವತ್ತಿಗೂ ಅಲ್ಲೇ ಇದೆ.

ಹಾನಿ ಸಾಹೇಬರು ಡ್ರಮ್ಮಿನ ಮೇಲೆ ಕೂತರು. ಬೈಯಲಿಲ್ಲ. "ಖಲಾಸ್," ಎಂದರು, ಅಷ್ಟೇ.

ಆ ಪೈಲಿಗಾಗಿ ನಾನು ಅಮ್ಮನ ಮುಖ ನೋಡಿರಲಿಲ್ಲ.

ಪೈಲು ಕೆಡುವುದು ಹೊಸದಲ್ಲ. ಪಕ್ಕದಲ್ಲಿ ಎರಡು ಹೆಚ್ಚುವರಿ ಪೈಲು ಹಾಕಿದರೆ ಮುಗಿಯಿತು. ಆದರೆ ನಮ್ಮ ಗ್ಯಾಂಗಿನವನೊಬ್ಬ ಕಾಯಿ ಒಡೆಯುವುದನ್ನು ಮೋಜಿಗೆಂದು ಮೊಬೈಲಿನಲ್ಲಿ ಹಿಡಿದಿದ್ದ. ಅದು ವಾಟ್ಸಾಪಿನಲ್ಲಿ ಕ್ಯಾಂಪಿನಿಂದ ಕ್ಯಾಂಪಿಗೆ ಹೋಯಿತು. ಹೆಲ್ಮೆಟ್ ತೆಗೆದ ಒಬ್ಬ ಮನುಷ್ಯ ಕಾಯಿ ಎತ್ತುತ್ತಾನೆ, ಹೊಡೆಯುತ್ತಾನೆ, ಒಂದು ಹೋಳು ಕ್ಯಾಮೆರಾ ಕಡೆ ಉರುಳುತ್ತದೆ. ಅಲ್ಲಿಗೆ ವಿಡಿಯೋ ಮುಗಿಯಿತು. ಇನ್ನೊಂದು ಹೋಳು ಅದರಲ್ಲಿ ಇಲ್ಲ. ಇಲ್ಲದ್ದನ್ನು ನೋಡಲಿಕ್ಕೇ ಜನ ಅದನ್ನು ಮತ್ತೆ ಮತ್ತೆ ನೋಡಿದರು. ನಾರಿಯಲ್ ಬ್ರಿಡ್ಜ್ ಎಂಬ ಹೆಸರು ಹುಟ್ಟಿದ್ದು ಆ ವಾರ.

ಮಸ್ಕತ್ತಿನ ಆಫೀಸಿನಿಂದ ಮೂವರು ವಿಚಾರಣೆಗೆ ಬಂದರು. ವಿಡಿಯೋವನ್ನು ಗೋಡೆಯ ಟಿವಿಯಲ್ಲಿ ಹಾಕಿ, "ಇದು ನೀನಾ?" ಎಂದು ಕೇಳಿದರು.

"ಹೌದು ಸರ್," ಎಂದರು ಫ್ರಾನ್ಸಿಸ್.

"ನೀನು ಹಿಂದೂ ಅಲ್ಲ. ಮತ್ತೆ ಯಾಕೆ ಒಡೆದೆ?"

"ಒಡೀಬೇಕು ಅನ್ನಿಸಿತು ಸರ್."

ನಾನು ಎದ್ದು ನಿಂತೆ. ಒಡೆಯಲು ಹೇಳಿದ್ದು ನಾನು ಎಂದೆ. ಅರ್ಧ ಕಾಯಿ ಪೈಪಿಗಿಂತ ಎಷ್ಟೋ ಸಣ್ಣದು, ಇಳಿದುಹೋಗುತ್ತದೆ ಎಂದೆ. ಸಿಕ್ಕಿಕೊಂಡಿದ್ದರೂ ಮೊದಲ ದೋಣಿಗೇ ಕಟ್ಟಬೇಕಿತ್ತು, ಮೂರನೆಯದಕ್ಕೆ ಯಾಕೆ ಕಟ್ಟಿತು, ದೋಣಿ ತಡವಾದದ್ದನ್ನು ಕೇಳಿ ಎಂದೆ. ಅವರು ನನಗೆ ಕೂರಲು ಹೇಳಿದರು. ವಿಡಿಯೋದಲ್ಲಿ ನಾನು ಇರಲಿಲ್ಲ.

ಹೊರಗೆ ಬಂದ ಮೇಲೆ ನನಗೆ ಸಿಟ್ಟು ಬಂತು. "ಪೊರ್ಬುಗಳೇ, ನನ್ನ ಹೆಸರು ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ ನಿಮಗೆ?"

"ಅಮ್ಮ ಸತ್ತವರ ಹೆಸರು ಹೇಳುದಾ?" ಎಂದರು. ಆಮೇಲೆ, "ಸಂಜೀವಣ್ಣ, ಅದು ಜೋಡಣೆಯಲ್ಲಿ ಅಡ್ಡ ಕೂತಿದ್ರೆ? ಒಂದೊಂದೇ ಜಲ್ಲಿ ಅದಕ್ಕೆ ಸಿಕ್ಕಿ ಸಿಕ್ಕಿ ಮತ್ತೆ ಕಟ್ಟಿದ್ರೆ?" ಎಂದು ಕೇಳಿದರು.

ಹಾಗೆ ಆಗುವುದಿಲ್ಲ ಎಂದೆ. ಆಗಲೇಬಾರದು ಎಂದೇನೂ ಇಲ್ಲ ಎಂದು ನನಗೂ ಗೊತ್ತಿತ್ತು.

ಅವರನ್ನು ಕೆಲಸದಿಂದ ತೆಗೆದರು. ಊರಿಗೆ ಕಳಿಸುವುದನ್ನು ಹಾನಿ ಸಾಹೇಬರು ತಪ್ಪಿಸಿ, ಬೇರೆ ಕಫೀಲನ, ಅಂದರೆ ವೀಸಾ ಕೊಡುವ ಧಣಿಯ ಹತ್ತಿರ ಕೆಲಸಕ್ಕೆ ಸೇರಲು ಎನ್‌ಒಸಿ ಕೊಡಿಸಿದರು. ಫ್ರಾನ್ಸಿಸ್ ಸಹಮ್‌ನಲ್ಲಿ ಹೆಂಡತಿಯ ಅಣ್ಣನ ದಿನಸಿ ಅಂಗಡಿಗೆ ಹೋದರು. ಗುಂಡಿನ ಹಗ್ಗದ ಜಾಗಕ್ಕೆ ಸೆನ್ಸರ್ ಬಂತು. ಆಳ ಎಷ್ಟೆಂದು ಪರದೆಯ ಮೇಲೆ ಅಂಕೆ ಬರುತ್ತದೆ, ಕೂಗುವವರು ಬೇಡ. ಒಳ್ಳೆಯ ಯಂತ್ರ, ನಾನು ದೂರುವುದಿಲ್ಲ. ನೀವು ಕಲಿಯಬೇಕಾದ್ದೂ ಅದೇ. ಆದರೆ ಪೈಪು ಎತ್ತಿಸುವ ಮೊದಲು ನಾನು ಬಹಳ ದಿನ ಪಕ್ಕಕ್ಕೆ ತಿರುಗಿ, ಕೂಗಿಗೆ ಕಾಯುತ್ತಿದ್ದೆ.

ಕೆಟ್ಟ ಪೈಲಿನ ಪಕ್ಕ ಎರಡು ಪೈಲು ಹಾಕಿದೆವು. ಆ ಕಂಬವೂ ಎದ್ದಿತು, ಅದರಾಚೆಯವೂ ಎದ್ದವು. ಇದನ್ನು ಗಮನಿಸಿ, ಹುಡುಗರೇ. ಕಾಯಿ ಒಡೆದ ಮೇಲೆ ನಾವು ಎರಡು ವರ್ಷ ಕೆಲಸ ಮಾಡಿದ್ದೇವೆ. ಆಮೇಲೆ ಒಂದು ಬೆಳಿಗ್ಗೆ ಹಾನಿ ಸಾಹೇಬರು ಎಲ್ಲರನ್ನೂ ಕರೆದು, ರೈಲು ಇಲ್ಲ, ರಸ್ತೆ ಮಾತ್ರ ಎಂದರು. ರೈಲಿನ ಭಾರಕ್ಕೆಂದು ದಪ್ಪ ಮಾಡಿದ ಕಂಬಗಳು ನೀರಿನಲ್ಲಿ ನಿಂತಾಗಿತ್ತು. ಕೆಲವು ತಿಂಗಳ ಮೇಲೆ ರಸ್ತೆಯೂ ಸದ್ಯಕ್ಕೆ ಇಲ್ಲ ಎಂದರು. ಯಾಕೆ ಎಂದು ಅವರಿಗೂ ಯಾರೂ ಹೇಳಿರಲಿಲ್ಲ. ಕ್ರೇನು ಬಿಚ್ಚಿದರು, ಬಾರ್ಜು ಎಳೆದುಕೊಂಡು ಹೋದರು. ಸಾಲಿಂ ಕಂಬಗಳಿಗೆ ದೋಣಿ ಕಟ್ಟಿ ಮೀನು ಹಿಡಿಯತೊಡಗಿದ. "ಮೀನಿಗೆ ಇಷ್ಟು ದೊಡ್ಡ ಮನೆ ಯಾರೂ ಕಟ್ಟಿಕೊಟ್ಟಿರಲಿಲ್ಲ ಸಂಜೂ," ಎಂದು ನಗಿಸಲು ನೋಡಿದ. ಅವನ ಹೆಂಡತಿಗೆ ಕಿಡ್ನಿ ಹಾಳಾಗಿತ್ತು. ವಾರ ವಾರ ಫೆರಿಯಲ್ಲಿ ಈ ಕಡೆಯ ಆಸ್ಪತ್ರೆಗೆ ಬರಬೇಕಿತ್ತು. ಸೇತುವೆ ಯಾವಾಗ ಎಂದು ಅವಳು ಗಂಡನ ಮೂಲಕ ನನ್ನನ್ನು ಕೇಳಿಸುತ್ತಿದ್ದಳು. ಕೊನೆಕೊನೆಗೆ ಕೇಳಿಸುವುದನ್ನು ಬಿಟ್ಟಳು.

ಕಾರಣ ಗೊತ್ತಿಲ್ಲದಾಗ ಜನರ ಕೈಯಲ್ಲಿ ಇದ್ದದ್ದು ಆ ವಿಡಿಯೋ ಒಂದೇ. ಮಸ್ಕತ್ತಿನ ರೂವಿಯ ಚಹಾದಂಗಡಿಗಳಲ್ಲಿ ಅದು ಮತ್ತೆ ತಿರುಗಿತು. ತೆಂಗಿನಕಾಯಿ ಒಡೆದು ಸೇತುವೆ ನಿಲ್ಲಿಸಿದ ಮಂಗಳೂರಿನವರು ಎಂದಾಯಿತು ನಮ್ಮ ಹೆಸರು.

ನಿವೃತ್ತಿಯಾದ ತಿಂಗಳು ಸಹಮ್‌ಗೆ ಹೋದೆ. ಫ್ರಾನ್ಸಿಸ್ ಗಲ್ಲಾದಲ್ಲಿ ಕೂತಿದ್ದರು, ತೆಳ್ಳಗಾಗಿದ್ದರು. ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಊಟ ಬಡಿಸಿದರು. ಮೀನು ಸಾರಿಗೆ ಪ್ಯಾಕೆಟಿನ ಕಾಯಿಹಾಲಿನ ಪುಡಿ ಹಾಕಿದ್ದು ಮೊದಲ ತುತ್ತಿಗೇ ತಿಳಿಯಿತು. ಅಂಗಡಿಯಲ್ಲಿ ತರಕಾರಿ ಇತ್ತು, ನಿಂಬೆ ಇತ್ತು, ಬಾಳೆಹಣ್ಣು ಇತ್ತು. ತೆಂಗಿನಕಾಯಿ ಇರಲಿಲ್ಲ.

"ಕಾಯಿ ಇಡುದಿಲ್ವಾ?"

"ಹುಡುಗರು ಬಂದು ಕೇಳ್ತಾರೆ, 'ಚಾಚಾ, ಬ್ರಿಡ್ಜಿಗೆ ಒಂದು ನಾರಿಯಲ್ ಕೊಡಿ' ಅಂತ. ಅದಕ್ಕೆ ಇಡುದಿಲ್ಲ. ನನ್ನ ಕೈಯಲ್ಲಿ ಅದನ್ನು ಒಡೀಲಿಕ್ಕೂ ಆಗುದಿಲ್ಲ ಈಗ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದದ್ದನ್ನು ಆಗ ಹೇಳಿದೆ. ಕೆಲಸ ನಿಲ್ಲುವ ಮೊದಲು ಆ ಪೈಲಿಗೆ ಡ್ರಿಲ್ ಹಾಕಿದರು. ಸಿಕ್ಕಿಬಿದ್ದ ಪೈಪಿನ ಒಳಗೇ ಕೊರೆದು ತುಂಡು ತೆಗೆದರು. ಬರೀ ಕಾಂಕ್ರೀಟು, ಹೊತ್ತು ಮೀರಿ ಗಟ್ಟಿಯಾದದ್ದು. ಕಾಯಿಯೂ ಇಲ್ಲ, ಚಿಪ್ಪೂ ಇಲ್ಲ ಎಂದೆ. "ದೇವರಾಣೆ ಪೊರ್ಬುಗಳೇ, ನನ್ನ ಕೈಯಲ್ಲೇ ಹಿಡಿದು ನೋಡಿದ್ದೇನೆ."

ಅವರು ನನ್ನ ಬಟ್ಟಲಿಗೆ ಇನ್ನೊಂದು ತುಂಡು ಮೀನು ಹಾಕಿದರು.

"ನಿಮ್ಮ ಜೊತೆ ಅಷ್ಟು ವರ್ಷ ಇದ್ದೆ ಸಂಜೀವಣ್ಣ. ನೀವು ನಿಜ ಹೇಳುವಾಗ ಒಂದು ದಿನವೂ ಆಣೆ ಹಾಕಿದವರಲ್ಲ."

"ಸುಳ್ಳೇ ಅಂತ ಇಟ್ಕೊಳ್ಳಿ. ಆದ್ರೂ ಸೇತುವೆ ನಿಂತದ್ದು ಅದರಿಂದ ಅಲ್ಲ. ರೈಲು ಬೇಡ ಅಂತ ಮೇಲಿನವರು ತೀರ್ಮಾನ ಮಾಡಿದ್ದು. ಅವರಿಗೂ ಕಾಯಿಗೂ ಎಂತ ಸಂಬಂಧ ಮಾರಾಯ್ರೆ?"

"ಆ ಪೈಲು ಕೆಡದಿದ್ರೆ ನಾವು ಆ ವರ್ಷವೇ ಸೆಳೆತ ದಾಟಿ ಆಗ್ತಿತ್ತು. ಕಂಬದ ಮೇಲೆ ಗರ್ಡರ್ ಕೂತಿದ್ರೆ ನಿಲ್ಲಿಸ್ತಿದ್ರಾ ಯಾರಾದ್ರೂ?"

ಈಗಲೂ ನನಗೆ ಮುಕ್ಕಾಲು ಮುಗಿದದ್ದನ್ನು ಯಾರೂ ಬಿಡುವುದಿಲ್ಲ ಎಂದು ಒಮ್ಮೆ ತೋರುತ್ತದೆ, ಬಿಡುವವರು ಅದನ್ನೂ ಬಿಡುತ್ತಿದ್ದರು ಎಂದು ಮತ್ತೊಮ್ಮೆ ತೋರುತ್ತದೆ. ಫ್ರಾನ್ಸಿಸ್ ಬಸ್ಸಿನ ತನಕ ಬಂದರು. ಊರಿಗೆ ಯಾವಾಗ ಎಂದು ಕೇಳಿದೆ. "ಅಲ್ಲಿಯೂ ವಿಡಿಯೋ ಹೋಗಿದೆ," ಎಂದರು.

ಆಮೇಲೆ ಎರಡು ಸಲ ಫೋನು ಮಾಡಿದೆ. ಎತ್ತುತ್ತಾರೆ, ಆರೋಗ್ಯ ಕೇಳುತ್ತಾರೆ. ನಾನು ಆ ಮಾತು ತೆಗೆದರೆ ಗಿರಾಕಿ ಬಂದರು ಎಂದು ಇಡುತ್ತಾರೆ. ಇದನ್ನು ಅಚ್ಚಿನಲ್ಲಿ ನೋಡಿದರೆ ಒಪ್ಪುತ್ತಾರೋ ಏನೋ. ಒಪ್ಪಲಿಕ್ಕಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮಗಳ ಮನೆಯಲ್ಲಿ ಒಂದು ಮಂಚ. ಮಡಚಲು ಬಾರದ ಎರಡು ಮಂಡಿ, ಕೇಳುವ ಒಂದು ಕಿವಿ. ನೀರಿನ ಮೇಲೆ ಇಪ್ಪತ್ತಮೂರು ಕಂಬ, ಅಡಿಯಲ್ಲಿ ಅವುಗಳ ಪೈಲು, ಸೇತುವೆ ಇಲ್ಲ. ಕೊನೆಯದಾಗಿ ನೋಡಲು ಹೋಗದ ತಾಯಿ ಒಬ್ಬರು. ಸಹಮ್‌ನಲ್ಲಿ ಒಬ್ಬ ಸ್ನೇಹಿತರು. ಒಂದು ತೆಂಗಿನಕಾಯಿಯ ಅರ್ಧದ ಲೆಕ್ಕ ಸಿಗುತ್ತದೆ, ಅದನ್ನು ಸಾಲಿಂ ತಿಂದ. ಇನ್ನರ್ಧದ್ದು ಸಿಗುವುದಿಲ್ಲ.